ದಿವಾಳಿ ಅರ್ಜಿ ಹಾಕೋಕೆ ಮುಂಚೆ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಎಂತ ಮಾಡ್ಬೇಕು

ಯೂಟ್ಯೂಬಲ್ಲಿ ಚಾಪ್ಟರ್ 7, ಚಾಪ್ಟರ್ 13 ಅಂತ ವಿಡಿಯೋ ನೋಡ್ಕೊಂಡು ಬಂದು "ಪಾಪರ್ ಅಂತ ಬರ್ಕೊಟ್ರೆ ಮೂರ್ನಾಲ್ಕು ತಿಂಗಳಲ್ಲಿ ಕಾರ್ಡ್ ಸಾಲ ಎಲ್ಲ ಅಳಿಸಿ ಹಾಕ್ತಾರಂತೆ ಹೌದಾ" ಅಂತ ಕೇಳೋರು ಈಗ ಜಾಸ್ತಿ ಆಗಿದಾರೆ. ಅದು ಅಮೆರಿಕದ ಕಾನೂನು ಮಾರಾಯ್ರೆ, ಶಿವಮೊಗ್ಗ ಕೋರ್ಟಲ್ಲಿ ಹೋಗಿ ಚಾಪ್ಟರ್ 7 ಅಂದ್ರೆ ಶಿರಸ್ತೇದಾರ್ರು ನಿಮ್ಮ ಮುಖ ನೋಡ್ತಾರೆ ಅಷ್ಟೇ. ನಮ್ಮಲ್ಲಿ 2016ರಲ್ಲಿ ಇನ್ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಸಿ ಕೋಡ್ ಬಂತು ನಿಜ, ಅದರಲ್ಲಿ ನಮ್ಮಂತ ಸಾಮಾನ್ಯ ಜನರ ಸಾಲಕ್ಕೂ ಒಂದು ಭಾಗ ಇದೆ, 35,000 ರೂಪಾಯಿ ಒಳಗೆ ಸಾಲ ಇರೋ ತೀರಾ ಬಡವರಿಗೆ ಸಾಲ ತೆಗ್ದು ಹಾಕೋ ದಾರಿನೂ ಬರ್ದಿದಾರೆ, ಆದ್ರೆ ಆ ಭಾಗನ ಜಾರಿಗೇ ತಂದಿಲ್ಲ. 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ಪರ್ಸನಲ್ ಗ್ಯಾರಂಟಿ ಹಾಕಿದೋರಿಗೆ ಮಾತ್ರ ಜಾರಿ ಆಗಿರೋದು. ಹಂಗಾಗಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರಿಗೆಲ್ಲ ಇನ್ನೂ 1920ರ ಪ್ರಾವಿನ್ಶಿಯಲ್ ಇನ್ಸಾಲ್ವೆನ್ಸಿ ಆಕ್ಟೇ ಗತಿ. ಅದರಲ್ಲಿ 500 ರೂಪಾಯಿ ಸಾಲ ಇದ್ರೂ ಅರ್ಜಿ ಹಾಕ್ಬಹುದು ಅಂತಿದೆ, ಎಂಟಾಣೆ ಲೆಕ್ಕ ಇನ್ನೂ ಹಂಗೇ ಇದೆ, ಅಷ್ಟು ಹಳೇದು. "ಹೊಸ ಕಾನೂನಲ್ಲಿ 180 ದಿನದಲ್ಲಿ ಕ್ಲಿಯರ್ ಮಾಡ್ಸಿಕೊಡ್ತೀವಿ" ಅಂತ ಫೋನ್ ಮಾಡೋರು ಇದಾರಲ್ಲ, ಅವರಿಗೆ ಅಡ್ವಾನ್ಸ್ ಕೊಡ್ಬೇಡಿ.

ನಾನು ವಕೀಲ ಅಲ್ಲ, ಅಂಗಡಿಯವರಿಗೆ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಲೆಕ್ಕ ಬರ್ಕೊಡೋ ಕೆಲ್ಸ ನಂದು, ಲೆಕ್ಕದ ಜೊತೆ ಸಾಲದ ಕತೆನೂ ಬರತ್ತೆ. ಈ ಹಳೇ ಕಾಯ್ದೆ ಓದ್ತಾ ಹೋದ್ರೆ ಗೊತ್ತಾಗೋದು ಏನಂದ್ರೆ, ಅರ್ಜಿ ಹಾಕಿದ ಮೇಲೆ ನಿಮ್ಮ ಕೈಲಿ ಜಾಸ್ತಿ ಏನೂ ಇರಲ್ಲ, ಹಾಕೋಕೆ ಮುಂಚಿನ ತಿಂಗಳುಗಳಲ್ಲಿ ಕಾರ್ಡನ್ನ ಹೆಂಗೆ ಬಳಸಿದ್ರಿ, ದುಡ್ಡು ಯಾರಿಗೆ ಕೊಟ್ರಿ, ಆಸ್ತಿ ಯಾರ ಹೆಸರಿಗೆ ಮಾಡಿದ್ರಿ ಅನ್ನೋದನ್ನೇ ಕೋರ್ಟ್ ಹಿಂದಕ್ಕೆ ಹೋಗಿ ನೋಡತ್ತೆ. ಅದಕ್ಕೇ ಆ ಮುಂಚಿನ ತಿಂಗಳುಗಳ ಬಗ್ಗೆನೇ ಇಲ್ಲಿ ಬರೀತಿರೋದು.

ಮೊದಲ್ನೇ ಕೆಲ್ಸ, ಕಾರ್ಡ್ ಉಜ್ಜೋದು ನಿಲ್ಲಿಸಿ. ಇವತ್ತೇ. ಪೆಟ್ರೋಲ್‌ಗೂ ಬೇಡ, ಔಷಧಿ ಅಂಗಡಿಲೂ ಬೇಡ. ಯಾಕೆ ಅಂದ್ರೆ ಹಳೇ ಬಾಕಿ ಉಳ್ಕೊಂಡಿರೋ ಕಾರ್ಡಲ್ಲಿ ಹೊಸದಾಗಿ ಉಜ್ಜಿದ್ದಕ್ಕೆ ಆ 45-50 ದಿನದ ಬಡ್ಡಿ ಇಲ್ಲದ ಟೈಮ್ ಸಿಗಲ್ಲ, ಉಜ್ಜಿದ ದಿನದಿಂದ್ಲೇ ಬಡ್ಡಿ ಓಡತ್ತೆ. ಲೆಕ್ಕ ಹಾಕಿ ನೋಡಿ. 2 ಲಕ್ಷ ಬಾಕಿ ಇದೆ, ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ ಅಂದ್ರೆ 7,000, ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 1,260, ಒಟ್ಟು 8,260. ಮಿನಿಮಮ್ ಡ್ಯೂ ಅಂತ 5 ಪರ್ಸೆಂಟ್ ಅಂದ್ರೆ 10,000 ಕಟ್ಟಿದ್ರೆ ಅಸಲಿಗೆ ಹೋಗೋದು ಬರೀ 1,740. ಆ ತಿಂಗಳು 2,000 ರೂಪಾಯಿ ಪೆಟ್ರೋಲ್ ಹಾಕ್ಸಿದ್ರೆ ಮುಗೀತು, ಹತ್ತು ಸಾವಿರ ಕಟ್ಟಿನೂ ಸಾಲ ಏರಿದೆ. ವರ್ಷಕ್ಕೆ 42 ಪರ್ಸೆಂಟ್ ಬಡ್ಡಿ ಇದು, ಮೊದ್ಲು 30 ಪರ್ಸೆಂಟ್ ಮೇಲೆ ಹಾಕಂಗಿಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು, ಅದನ್ನ 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ತೆಗೆದು ಹಾಕ್ತು, ಹಂಗಾಗಿ "ಇಷ್ಟು ಬಡ್ಡಿ ಅನ್ಯಾಯ" ಅಂತ ಕೋರ್ಟಲ್ಲಿ ವಾದ ಮಾಡಿ ಗೆಲ್ಲೋ ಆಸೆ ಇಟ್ಕೋಬೇಡಿ.

ಇನ್ನೊಂದು, ಅಂಗಡಿಲಿ ಮಿಷಿನ್‌ಗೆ ಕಾರ್ಡ್ ಉಜ್ಜಿ ಎರಡು-ಮೂರು ಪರ್ಸೆಂಟ್ ಕಮಿಷನ್ ಕೊಟ್ಟು ಕ್ಯಾಶ್ ತಗೊಳ್ಳೋದು, ಆ ಕ್ಯಾಶಲ್ಲಿ ಇನ್ನೊಂದು ಕಾರ್ಡಿನ ಬಿಲ್ ಕಟ್ಟೋದು, ಆಪಲ್ಲಿ ಭಾವನಿಗೆ ಬಾಡಿಗೆ ಕಟ್ದಂಗೆ ತೋರ್ಸಿ ದುಡ್ಡು ವಾಪಸ್ ತಗೊಳ್ಳೋದು, ಇದನ್ನೆಲ್ಲ ರೊಟೇಶನ್ ಅಂತ ಹೇಳ್ಕೊಂಡು ಮಾಡ್ತಾರಲ್ಲ, ದಿವಾಳಿ ಅರ್ಜಿ ಹಾಕೋ ಯೋಚ್ನೆ ಇರೋರಿಗೆ ಇದಕ್ಕಿಂತ ಕೆಟ್ಟ ಕೆಲ್ಸ ಇನ್ನೊಂದಿಲ್ಲ. 1920ರ ಕಾಯ್ದೆಯ 42ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ, ತೀರ್ಸೋಕಾಗತ್ತೆ ಅನ್ನೋ ನಂಬಿಕೆಗೆ ಆಧಾರ ಇಲ್ದೆನೇ ಸಾಲ ಮಾಡಿದ್ರೆ, ದುಂದುವೆಚ್ಚ ಮಾಡಿದ್ರೆ, ಜೂಜಾಡಿದ್ರೆ, ಕೋರ್ಟ್ ಸಾಲದಿಂದ ಪೂರ್ತಿ ಬಿಡುಗಡೆ (ಡಿಸ್ಚಾರ್ಜ್) ಕೊಡೋಕೆ ನಿರಾಕರಿಸ್ಲೇಬೇಕು. ಮೋಸ ಮಾಡಿ ಪಡೆದ ಸಾಲ ಅಂತ ಆದ್ರೆ ಡಿಸ್ಚಾರ್ಜ್ ಸಿಕ್ಕಿದ್ರೂ ಆ ಸಾಲ ಹೋಗಲ್ಲ. "ಹೆಂಗಿದ್ರೂ ಪಾಪರ್ ಆಗ್ತೀನಿ, ಅದಕ್ಕೆ ಮುಂಚೆ ಲಿಮಿಟ್ ಪೂರ್ತಿ ಉಜ್ಜಿ ಒಂದು ಫೋನು ಟಿವಿ ತಗೊಂಡ್ಬಿಡ್ತೀನಿ" ಅನ್ನೋ ಬುದ್ಧಿವಂತರಿಗೂ ಇದೇ ಉತ್ತರ. ಸ್ಟೇಟ್‌ಮೆಂಟಲ್ಲಿ ತಾರೀಖು ಸಮೇತ ಎಲ್ಲ ಇರತ್ತೆ.

ಎರಡ್ನೇದು, ಪಟ್ಟಿ. ಒಂದು ನೋಟ್‌ಬುಕ್ ಸಾಕು. ಯಾವ ಕಾರ್ಡ್, ಎಷ್ಟು ಬಾಕಿ, ಅದರಲ್ಲಿ ಅಸಲೆಷ್ಟು ಬಡ್ಡಿ ಎಷ್ಟು, ಕೊನೇ ಸಲ ಕಟ್ಟಿದ್ದು ಯಾವತ್ತು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಅಂತ ಜನರ ಸಾಲದ ದಾಖಲೆ ಇಡೋ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡ್ಲೇಬೇಕು, ತೆಗೆದು ನೋಡಿ, ಮರ್ತು ಹೋದ ಆಪ್ ಸಾಲ ಎಲ್ಲ ಅದರಲ್ಲಿ ಕಾಣತ್ತೆ. ಆಮೇಲೆ ಸಿಬಿಲ್‌ನಲ್ಲಿ ಕಾಣದೇ ಇರೋ ನಮ್ಮೂರ ಸಾಲ, ಅಡಿಕೆ ಮಂಡಿಲಿ ತಗೊಂಡ ಅಡ್ವಾನ್ಸ್, ಕೈಸಾಲ, ಚೀಟಿ ಬಾಕಿ, ಭಾವನ ಹತ್ರ ಇಸ್ಕೊಂಡಿದ್ದು, ಎಲ್ಲನೂ ಬರೀರಿ. ಕೋರ್ಟಿಗೆ ಕೊಡೋ ಅರ್ಜಿಲಿ ಸಾಲ ಕೊಟ್ಟವರ ಹೆಸರು, ವಿಳಾಸ, ಮೊತ್ತ ಎಲ್ಲ ಇರ್ಬೇಕು, ನಿಮ್ಮ ಆಸ್ತಿನೂ ಇರ್ಬೇಕು. ಭಾವನ ಹೆಸರು ಹಾಕೋಕೆ ಮುಜುಗರ ಅಂತ ಬಿಡಂಗಿಲ್ಲ.

ಪಟ್ಟಿ ಮುಗಿದ ಮೇಲೆ ಪ್ರಾಮಾಣಿಕವಾಗಿ ಒಂದು ಪ್ರಶ್ನೆ ಕೇಳ್ಕೊಳ್ಳಿ, ಬಡ್ಡಿ ನಿಂತು ಅಸಲು ಮಾತ್ರ ಕಟ್ಟೋದಾದ್ರೆ ಮೂರು ವರ್ಷದಲ್ಲಿ ತೀರತ್ತಾ? ಸಂಬಳ ಇದ್ದು, ಅಥವಾ ತೋಟದ ಬೆಳೆ ಇದ್ದು, ತೀರತ್ತೆ ಅನ್ನೋದಾದ್ರೆ ನೀವು ದಿವಾಳಿ ಕೇಸೇ ಅಲ್ಲ, ಬ್ಯಾಂಕ್ ಹತ್ರ ಮಾತಾಡೋ ಕೇಸು. ಬಾಕಿನ ಇಎಂಐ ಮಾಡಿ ಅಂತ ಕೇಳಿ, ಕಾರ್ಡ್ ಬ್ಲಾಕ್ ಮಾಡಿ ಕಡಿಮೆ ಬಡ್ಡಿಗೆ ಕಂತು ಮಾಡೋದು ಬ್ಯಾಂಕುಗಳಿಗೆ ಹೊಸದೇನಲ್ಲ. ಕೇಳೋದು ಫೋನಲ್ಲಿ ಬೇಡ, ಇಮೇಲಲ್ಲಿ ಕೇಳಿ, ಕೆಲ್ಸ ಹೋಗಿದ್ರೆ ಆ ಲೆಟರ್, ಆಸ್ಪತ್ರೆ ಖರ್ಚಿದ್ರೆ ಆ ಬಿಲ್, ಕೊಳೆರೋಗ ಬಂದು ಅಡಿಕೆ ಉದುರಿದ್ರೆ ಅದನ್ನೂ ಬರೀರಿ. ಬೆಂಗಳೂರಲ್ಲಿ ಕೂತಿರೋ ಕಾಲ್ ಸೆಂಟರ್ ಹುಡುಗನಿಗೆ ಅಡಿಕೆ ದುಡ್ಡು ತಿಂಗಳು ತಿಂಗಳು ಬರಲ್ಲ, ಕೊಯ್ಲಾಗಿ ಬೇಯಿಸಿ ಒಣಗಿಸಿ ಮಂಡಿಗೆ ಅಥವಾ ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್‌ಗೆ ಹಾಕಿದ ಮೇಲೇನೆ ಬರೋದು ಅಂತ ಗೊತ್ತಿರಲ್ಲ, ಅದನ್ನ ಬಿಡಿಸಿ ಬರೀಬೇಕು.

ಚಿನ್ನದ ವಿಷ್ಯ. ನಮ್ಮ ಕಡೆ ಕಷ್ಟ ಬಂದ ಕೂಡ್ಲೇ ಸೊಸೈಟಿಗೆ ಹೋಗಿ ಹೆಂಡ್ತಿ ಬಳೆ ಇಟ್ಟು ದುಡ್ಡು ತಂದು ಕಾರ್ಡಿಗೆ ಕಟ್ತಾರೆ. ಆದಾಯ ಇರೋರಿಗೆ ಇದು ಸರಿಯಾದ ದಾರಿನೇ, 42 ಪರ್ಸೆಂಟ್ ಬಡ್ಡಿಯಿಂದ ಅದರ ಮೂರ್ನೇ ಒಂದು ಭಾಗಕ್ಕಿಂತ ಕಡಿಮೆ ಬಡ್ಡಿಗೆ ಬರ್ತೀರಿ. ಆದ್ರೆ ಆದಾಯನೇ ಇಲ್ಲ, ಇನ್ನೂ ಮೂರು ಕಾರ್ಡ್ ಬಾಕಿ ಇದೆ ಅನ್ನೋ ಸ್ಥಿತಿಲಿ ಬಳೆ ಇಟ್ರೆ ಒಂದು ಕಾರ್ಡಿನವ್ರು ಖುಷಿ ಆಗ್ತಾರೆ, ಬಳೆ ಹರಾಜಿಗೆ ಹೋಗತ್ತೆ, ಉಳಿದ ಮೂರೂ ಹಂಗೇ ಇರತ್ತೆ. ಮನೆಯವರ ಸ್ವಂತ ಚಿನ್ನ ನಿಮ್ಮ ಕಾರ್ಡ್ ಸಾಲಕ್ಕೆ ಜವಾಬ್ದಾರಿ ಅಲ್ಲ. ಅಪ್ಪನ ಸ್ವಯಾರ್ಜಿತ ತೋಟನೂ ಅಲ್ಲ. ಪಿತ್ರಾರ್ಜಿತದಲ್ಲಿ ನಿಮಗೆ ಪಾಲು ಇದ್ರೆ ಆ ಪಾಲು ಮಾತ್ರ ಲೆಕ್ಕಕ್ಕೆ ಬರತ್ತೆ. ಆಡ್ ಆನ್ ಕಾರ್ಡ್ ತಮ್ಮನ ಕೈಲಿದ್ರೆ ಮಾತ್ರ ನೋಡ್ಕೊಳ್ಳಿ, ಅವನು ಉಜ್ಜಿದ್ದೂ ನಿಮ್ಮ ತಲೆ ಮೇಲೇ.

ಈಗ ರಿಕವರಿಯವರು. ಕಟ್ಟೋದು ನಿಲ್ಲಿಸಿದ ಕೂಡ್ಲೇ ಫೋನ್ ಶುರುವಾಗತ್ತೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟಲ್ಲಿ ಹೇಳಿದೆ, ಬೆಳಿಗ್ಗೆ 8ಕ್ಕೆ ಮುಂಚೆ ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಂಗಿಲ್ಲ, ಬೆದರ್ಸಂಗಿಲ್ಲ, ನೆಂಟರ ಮುಂದೆ ಸ್ನೇಹಿತರ ಮುಂದೆ ಮಾನ ಕಳಿಯಂಗಿಲ್ಲ. ಕಾರ್ಡ್ ಬಾಕಿ ಸಿವಿಲ್ ವ್ಯವಹಾರ, "ನಾಳೆ ಪೊಲೀಸ್ ಬರ್ತಾರೆ" ಅನ್ನೋದು ಬರೀ ಬಾಯಿ ಮಾತು. ಆದ್ರೆ ಚೆಕ್ ಕೊಟ್ಟು ಅದು ಬೌನ್ಸ್ ಆದ್ರೆ ಕತೆ ಬೇರೆ, ಅದು ಕ್ರಿಮಿನಲ್ ಕೇಸು, ಬ್ಯಾಂಕ್ ಆಟೋ ಡೆಬಿಟ್ ಬೌನ್ಸಿಗೂ 2007ರ ಪೇಮೆಂಟ್ ಸಿಸ್ಟಮ್ಸ್ ಕಾಯ್ದೆಲಿ ಅದೇ ತರ ಸೆಕ್ಷನ್ ಇದೆ. ಹಂಗಾಗಿ ಏಜೆಂಟ್ ಮನೆ ಬಾಗ್ಲಲ್ಲಿ ಕೂತು "ಸುಮ್ನೆ ಒಂದು ಚೆಕ್ ಕೊಡಿ ಸಾರ್, ಸೆಕ್ಯುರಿಟಿಗೆ" ಅಂದ್ರೆ ಕಾಫಿ ಕೊಟ್ಟು ಕಳ್ಸಿ, ಚೆಕ್ ಕೊಡ್ಬೇಡಿ. ಕಿರುಕುಳ ಜಾಸ್ತಿ ಆದ್ರೆ ಮೊದ್ಲು ಬ್ಯಾಂಕಿಗೆ ಬರವಣಿಗೆಲಿ ದೂರು, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಸಿಎಂಎಸ್ ಅನ್ನೋ ದೂರಿನ ಪೋರ್ಟಲಲ್ಲಿ ಹಾಕಿ, ದುಡ್ಡು ಖರ್ಚಿಲ್ಲ, ಮಾಹಿತಿಗೆ 14448 ನಂಬರ್ ಇದೆ. ಬ್ಯಾಂಕ್ ನಿಯಮ ಮೀರಿ ಹಾಕಿದ ಬಡ್ಡಿ ಲೆಕ್ಕಕ್ಕೂ ಇಲ್ಲೇ ದೂರು ಹಾಕ್ಬಹುದು, ಉದಾಹರಣೆಗೆ ಕಟ್ಟದೇ ಉಳಿದ ಚಾರ್ಜು ಟ್ಯಾಕ್ಸನ್ನ ಅಸಲಿಗೆ ಸೇರ್ಸಿ ಅದರ ಮೇಲೆ ಬಡ್ಡಿ ಹಾಕಂಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮದಲ್ಲೇ ಇದೆ.

ವಾಟ್ಸಾಪಲ್ಲಿ ಬರೋ ಲೀಗಲ್ ನೋಟಿಸ್ ಪಿಡಿಎಫ್‌ಗಳಲ್ಲಿ ಮುಕ್ಕಾಲು ಪಾಲು ಬರೀ ಹೆದರ್ಸೋಕೆ. ಆದ್ರೂ ಪ್ರತಿಯೊಂದನ್ನೂ ಓದಿ, ಯಾಕಂದ್ರೆ ಅದರ ಮಧ್ಯೆ ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಮಾನ ಕೊಡೋದು) ನೋಟಿಸ್ ಇದ್ರೆ ಉತ್ತರ ಕೊಡ್ಲೇಬೇಕು. ಸುಮ್ನಿದ್ರೆ ನಿಮ್ಮನ್ನ ಕೇಳದೇನೆ ಅವಾರ್ಡ್ ಆಗತ್ತೆ, ಅವಾರ್ಡ್ ಅಂದ್ರೆ ಕೋರ್ಟ್ ಡಿಕ್ರಿ ಇದ್ದಂಗೆ, ಅದನ್ನ ಹಿಡ್ಕೊಂಡು ಜಪ್ತಿಗೆ ಬರ್ಬಹುದು. ಲೋಕ್ ಅದಾಲತ್ ನೋಟಿಸ್ ಬಂದ್ರೆ ಖಂಡಿತ ಹೋಗಿ, ಅಲ್ಲಿ ಬ್ಯಾಂಕಿನವರು ಕಡಿಮೆ ಮಾಡ್ಕೊಳ್ಳೋ ಮನಸ್ಸಲ್ಲಿ ಬಂದಿರ್ತಾರೆ. ಒಂದೇ ಎಚ್ಚರ, ಅಲ್ಲಿ ಒಪ್ಪಿ ಸಹಿ ಹಾಕಿದ್ರೆ ಅದೇ ಕೊನೆ, ಅಪೀಲಿಲ್ಲ. ಕಟ್ಟೋಕಾಗದ ಕಂತಿಗೆ ಮುಲಾಜಿಗೆ ಬಿದ್ದು ಹೂಂ ಅನ್ಬೇಡಿ.

ಸೆಟಲ್‌ಮೆಂಟ್. ಇದೇ ತುಂಬಾ ಜನಕ್ಕೆ ಆಗೋ ದಾರಿ ಅಂತ ನನ್ನ ಅಭಿಪ್ರಾಯ, ಕೋರ್ಟಿಗಿಂತ ಇದು ವಾಸಿ. ಬಾಕಿ 3 ಲಕ್ಷ ಇದೆ, ಒಂದೇ ಸಲ ಇಷ್ಟು ಕೊಡ್ತೀನಿ ಮುಗ್ಸಿ ಅಂತ. ಬ್ಯಾಂಕ್ ಎಷ್ಟಕ್ಕೆ ಒಪ್ಪತ್ತೆ ಅನ್ನೋದು ಬಾಕಿ ಎಷ್ಟು ಹಳೇದು, ನಿಮ್ಮ ಕೈಲಿ ಏನಿದೆ ಅನ್ನೋದರ ಮೇಲೆ. ಇದರಲ್ಲಿ ಕ್ರಮ ತಪ್ಪಬಾರ್ದು. ಮೊದ್ಲು ಬ್ಯಾಂಕಿನ ಲೆಟರ್, ಅದರಲ್ಲಿ ಕಾರ್ಡ್ ನಂಬರ್, ಮೊತ್ತ, ಕಟ್ಟೋ ತಾರೀಖು, "ಇದರ ಮೇಲೆ ಏನೂ ಬಾಕಿ ಇಲ್ಲ" ಅನ್ನೋ ಸಾಲು ಇರ್ಬೇಕು. ಲೆಟರ್ ಬ್ಯಾಂಕಿಂದೇ ಅಂತ ಬ್ಯಾಂಕಿನ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಆಮೇಲೆ ದುಡ್ಡು, ಅದೂ ಕಾರ್ಡ್ ಅಕೌಂಟಿಗೇ ಕಟ್ಬೇಕು, ಏಜೆಂಟನ ಫೋನ್‌ಪೇಗಲ್ಲ. ಕಟ್ಟಿದ ಮೇಲೆ ನೋ ಡ್ಯೂಸ್ ಸರ್ಟಿಫಿಕೇಟ್. ಸಿಬಿಲಲ್ಲಿ ಆಗ ಕ್ಲೋಸ್ಡ್ ಅಂತ ಬರಲ್ಲ, ಸೆಟಲ್ಡ್ ಅಂತ ಬರತ್ತೆ, ಅದು ಕೆಲವು ವರ್ಷ ಕಾಡತ್ತೆ, ಹೋಮ್ ಲೋನ್‌ಗೆ ಹೋದಾಗ ಮ್ಯಾನೇಜರ್ ಕೇಳ್ತಾರೆ. ದಿವಾಳಿ ಆಗೋರು ಸಿಬಿಲ್ ಸ್ಕೋರ್ ಬಗ್ಗೆ ಕೊರಗೋದ್ರಲ್ಲಿ ಅರ್ಥ ಇಲ್ಲ ಬಿಡಿ. ಕಟ್ಟಿದ ಮೇಲೂ ರಿಪೋರ್ಟಲ್ಲಿ ಬಾಕಿ ಅಂತಲೇ ತೋರ್ಸಿದ್ರೆ ದೂರು ಕೊಡಿ, 30 ದಿನದಲ್ಲಿ ಸರಿ ಮಾಡ್ಲಿಲ್ಲ ಅಂದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ ನಿಯಮ ಇದೆ.

"ಮೂರು ವರ್ಷ ಸುಮ್ನಿದ್ರೆ ಸಾಲ ಸತ್ತೋಗತ್ತೆ" ಅಂತ ಕಟ್ಟೆ ಮೇಲೆ ಕೂತು ಹೇಳೋರಿದಾರೆ. ಬ್ಯಾಂಕ್ ದಾವೆ ಹಾಕೋಕೆ ಮೂರು ವರ್ಷದ ಮಿತಿ ಇರೋದು ನಿಜ, ಆದ್ರೆ ಮಧ್ಯದಲ್ಲಿ ನೀವು ದುಡ್ಡು ಕಟ್ಟಿ ಅದರ ದಾಖಲೆ ನಿಮ್ಮ ಕೈಬರಹದಲ್ಲಿ ಅಥವಾ ಸಹಿಲಿ ಇದ್ರೆ, ಅಥವಾ ಸಾಲ ಇದೆ ಅಂತ ಬರ್ದು ಸಹಿ ಹಾಕಿದ್ರೆ ಅಲ್ಲಿಂದ ಮತ್ತೆ ಮೂರು ವರ್ಷ ಎಣಿಸ್ತಾರೆ, ಮತ್ತೆ ಅವರೇನು ಅಲ್ಲೀವರೆಗೆ ನಿದ್ದೆ ಮಾಡ್ತಿರಲ್ಲ.

ಹಂಗೆ ಕಾರ್ಡ್ ಕೊಟ್ಟ ಬ್ಯಾಂಕಲ್ಲೇ ಸಂಬಳದ ಅಕೌಂಟ್ ಇದ್ರೆ ನೋಡ್ಕೊಳ್ಳಿ. ಕಾರ್ಡ್ ಒಪ್ಪಂದದಲ್ಲಿ ಸಾಮಾನ್ಯವಾಗಿ ಅಕೌಂಟಿನ ದುಡ್ಡನ್ನ ಬಾಕಿಗೆ ಹಿಡ್ಕೊಳ್ಳೋ ಷರತ್ತು ಇರತ್ತೆ, ಮನೆ ಖರ್ಚಿನ ದುಡ್ಡಿಗೆ ಬೇರೆ ಬ್ಯಾಂಕಲ್ಲಿ ಅಕೌಂಟ್ ಮಾಡ್ಕೊಳ್ಳೋದ್ರಲ್ಲಿ ತಪ್ಪಿಲ್ಲ, ಆದ್ರೆ ಆ ಅಕೌಂಟನ್ನೂ ಪಟ್ಟಿಲಿ ತೋರಿಸ್ಬೇಕು.

ಈಗ ಎಲ್ಲರೂ ಎಡವೋ ಜಾಗ. ಸಾಲ ಮೈಮೇಲೆ ಬಂದಾಗ ನಮ್ಮವರಿಗೆ ಮೊದ್ಲು ಹೊಳಿಯೋದು ಎರಡು ಕೆಲ್ಸ, ಒಂದು ಆಸ್ತಿನ ಹೆಂಡ್ತಿ ಹೆಸರಿಗೋ ಅಣ್ಣನ ಹೆಸರಿಗೋ ದಾನಪತ್ರ ಮಾಡೋದು, ಇನ್ನೊಂದು ಗುರುತಿನವರ ಸಾಲ ಮೊದ್ಲು ತೀರ್ಸಿ ಬ್ಯಾಂಕಿಗೆ ಕೈ ಎತ್ತೋದು. ಎರಡೂ ಸಹಜನೇ, ಎರಡೂ ಈ ಕಾಯ್ದೆಲಿ ಹೊಡೆತ ತಿನ್ನತ್ತೆ. 53ನೇ ಸೆಕ್ಷನ್ ಪ್ರಕಾರ ದಾನ ಮಾಡಿ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ರೆ ಆ ವರ್ಗಾವಣೆನ ರದ್ದು ಮಾಡ್ಸಬಹುದು. ಸರಿಯಾದ ಬೆಲೆ ಕೊಟ್ಟು ಪ್ರಾಮಾಣಿಕವಾಗಿ ಕೊಂಡವರಿಗೆ ತೊಂದ್ರೆ ಇಲ್ಲ, ಪುಕ್ಕಟೆ ಬರ್ಕೊಟ್ಟಿದ್ದಕ್ಕೆ ಇದೆ. ಪಾಲಾಗದ ತೋಟದಲ್ಲಿ ಹಕ್ಕು ಬಿಟ್ಟುಕೊಟ್ಟ ಪತ್ರ ಮಾಡೋದೂ ಇದೇ ಕಣ್ಣಿಗೆ ಬೀಳತ್ತೆ. 54ನೇ ಸೆಕ್ಷನ್ ಪ್ರಕಾರ ಅರ್ಜಿಗೆ ಮುಂಚಿನ ಮೂರು ತಿಂಗಳೊಳಗೆ ಸಾಲ ಕೊಟ್ಟವರಲ್ಲಿ ಒಬ್ಬರಿಗೆ ಅನುಕೂಲ ಮಾಡ್ಬೇಕು ಅಂತಲೇ ದುಡ್ಡು ಕೊಟ್ಟಿದ್ರೆ ಅದೂ ನಿಲ್ಲಲ್ಲ. ಅಂದ್ರೆ ಡಿಸೆಂಬರಲ್ಲಿ ಅಡಿಕೆ ಮಾರಿ ಬಂದ ದುಡ್ಡನ್ನ ಪೂರ್ತಿ ಮಂಡಿ ಸಾಹುಕಾರ್ರಿಗೆ ಅಥವಾ ಭಾವನಿಗೆ ಕೊಟ್ಟು ಜನವರಿಲಿ "ನನ್ನತ್ರ ಏನೂ ಇಲ್ಲ ಸ್ವಾಮಿ" ಅಂತ ಕೋರ್ಟಿಗೆ ಹೋದ್ರೆ, ಆ ದುಡ್ಡನ್ನ ಭಾವನ ಹತ್ರ ವಾಪಸ್ ಕೇಳ್ತಾರೆ. ಊರಲ್ಲಿ ಆಗೋ ರಂಪ ನೀವೇ ಊಹಿಸ್ಕೊಳ್ಳಿ. ಲೆಕ್ಕದ ಪುಸ್ತಕ ಬಚ್ಚಿಟ್ರೆ, ಆಸ್ತಿ ಮುಚ್ಚಿಟ್ರೆ 69ನೇ ಸೆಕ್ಷನ್‌ನಲ್ಲಿ ಒಂದು ವರ್ಷದವರೆಗೂ ಜೈಲಿದೆ.

ಹಂಗಂತ ಎಲ್ಲನೂ ಹೋಗತ್ತೆ ಅಂತ ಹೆದ್ರಬೇಡಿ. ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಸೆಕ್ಷನ್‌ನಲ್ಲಿ ಜಪ್ತಿ ಮಾಡಂಗಿಲ್ಲ ಅಂತ ಇರೋದು ದಿವಾಳಿಲೂ ನಿಮ್ಮದೇ, ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಕುಶಲಕರ್ಮಿಗಳ ಉಪಕರಣ, ಪಿಎಫ್, ಜೀವವಿಮೆ ದುಡ್ಡು. ಕೃಷಿಕರಾದ್ರೆ ವ್ಯವಸಾಯದ ಸಲಕರಣೆ, ಬದುಕಿಗೆ ಬೇಕಾದ ದನಕರು, ವಾಸ ಇರೋ ಮನೆನೂ ಬರತ್ತೆ. ತೋಟಕ್ಕೆ ಆ ರಕ್ಷಣೆ ಇಲ್ಲ. ಪಹಣಿಯ 11ನೇ ಕಾಲಂನಲ್ಲಿ ಆಗ್ಲೇ ಯಾವ ಬ್ಯಾಂಕಿನ ಋಣ ಕೂತಿದೆ ನೋಡಿ, ಅಡಮಾನ ಇಟ್ಕೊಂಡವರ ಹಕ್ಕು ದಿವಾಳಿಯಿಂದ ಹೋಗಲ್ಲ, ಕಾರ್ಡಿನವರು ಅವರ ಹಿಂದೆ ನಿಲ್ಬೇಕು.

ಜಾಮೀನುದಾರರ ಬಗ್ಗೆ ಜನ ಯೋಚ್ನೆನೇ ಮಾಡಲ್ಲ. ಕಾರ್ಡಿಗೆ ಯಾರೂ ಜಾಮೀನಿರಲ್ಲ ಸರಿ, ಆದ್ರೆ ದಿವಾಳಿ ಅಂದ್ರೆ ಕಾರ್ಡ್ ಮಾತ್ರ ಅಲ್ಲ, ನಿಮ್ಮ ಎಲ್ಲ ಸಾಲನೂ ಅದರೊಳಗೆ ಬರತ್ತೆ. ಸೊಸೈಟಿಲಿ ನಿಮಗೆ ಪಕ್ಕದ್ಮನೆಯವರು ಜಾಮೀನು ಹಾಕಿದ್ರೆ, ನೀವು ಡಿಸ್ಚಾರ್ಜ್ ಆದ್ರೂ ಅವರು ಆಗಲ್ಲ, ಸೊಸೈಟಿ ಅವರನ್ನ ಹಿಡಿಯತ್ತೆ. ಅರ್ಜಿ ಹಾಕೋಕೆ ಮುಂಚೆ ಅವರ ಮನೆಗೆ ಹೋಗಿ ಹೇಳಿ. ನೋಟಿಸ್ ಬಂದ ಮೇಲೆ ಗೊತ್ತಾಗೋದು ಬೇಡ.

ಕರ್ನಾಟಕದ ಋಣ ಪರಿಹಾರ ಕಾಯ್ದೆ, 2025ರಲ್ಲಿ ಬಂದ ಮೈಕ್ರೋ ಫೈನಾನ್ಸ್ ಕಿರುಕುಳ ತಡೆ ಕಾಯ್ದೆ ಇವೆರಡನ್ನೂ ಕಾರ್ಡಿಗೆ ಜೋಡ್ಸಿ ಕೇಳ್ತಾರೆ. ಬ್ಯಾಂಕ್ ಕಾರ್ಡ್ ಸಾಲಕ್ಕೆ ಎರಡೂ ಬರಲ್ಲ.

ಇಷ್ಟೆಲ್ಲ ಮಾಡಿನೂ ದಾರಿ ಇಲ್ಲ ಅಂದ್ರೆ ಅರ್ಜಿ. ಬೆಂಗಳೂರಲ್ಲಿ ಕೆಲ್ಸ ಹೋಗಿ ಈಗ ಹೊಸನಗರದಲ್ಲೋ ಸೊರಬದಲ್ಲೋ ಖಾಯಂ ಇದ್ರೆ ಇಲ್ಲೇ ಹಾಕ್ಬಹುದು, ಸಾಮಾನ್ಯವಾಗಿ ವಾಸ ಇರೋ ಊರಿನ ವ್ಯಾಪ್ತಿಯ ಕೋರ್ಟ್ ಲೆಕ್ಕ, ಕಾರ್ಡ್ ಎಲ್ಲಿ ತಗೊಂಡ್ರಿ ಅನ್ನೋದಲ್ಲ. ಕೋರ್ಟ್ ದಿವಾಳಿ ಅಂತ ಘೋಷಣೆ ಮಾಡಿದ್ರೆ ಆಸ್ತಿ ಕೋರ್ಟಿಗೆ ಅಥವಾ ಅದನ್ನ ನೋಡ್ಕೊಳ್ಳೋಕೆ ಕೋರ್ಟ್ ನೇಮಿಸಿದ ರಿಸೀವರಿಗೆ ಹೋಗತ್ತೆ, ಕೋರ್ಟ್ ಅನುಮತಿ ಇಲ್ದೆ ಕಾರ್ಡ್ ಬ್ಯಾಂಕುಗಳು ಹೊಸ ದಾವೆ ಹಾಕಂಗಿಲ್ಲ, ಬಂಧನದ ವಿರುದ್ಧ ರಕ್ಷಣೆ ಕೇಳ್ಬಹುದು. ಡಿಸ್ಚಾರ್ಜ್ ಆಗೋವರೆಗೆ ನಿಮಗೆ ಹೊಸದಾಗಿ ಬರೋ ಆಸ್ತಿನೂ, ಅಪ್ಪನಿಂದ ಬಂದ ಪಾಲು ಕೂಡ, ಅದಕ್ಕೇ ಸೇರತ್ತೆ. ಎಂಎಲ್ಎ ಚುನಾವಣೆಗೆ ನಿಲ್ಲಂಗಿಲ್ಲ, ಕಂಪನಿ ಡೈರೆಕ್ಟರ್ ಆಗಂಗಿಲ್ಲ. ದಿವಾಳಿ ಅಂತ ಹೇಳದೆ 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ತಗೊಂಡ್ರೂ ಅಪರಾಧ, ಇವತ್ತಿನ ಕಾಲಕ್ಕೆ ಅಂಗಡಿಲಿ ಹಾಲು ಮೊಸರು ಸಾಲ ಹೇಳಿದ್ರೂ ಆ ಮೊತ್ತ ದಾಟತ್ತೆ. ಆಸ್ತಿ ನಿಮ್ಮ ಸಾಲದ ರೂಪಾಯಿಗೆ ಎಂಟಾಣೆನಷ್ಟೂ ಇಲ್ಲ ಅಂದ್ರೆ ಯಾಕೆ ಹಂಗಾಯ್ತು, ನಿಮ್ಮ ತಪ್ಪಿಂದಲ್ಲ ಅಂತ ತೋರಿಸ್ಬೇಕು, ಆಸ್ಪತ್ರೆ ಬಿಲ್, ಕೆಲ್ಸ ಹೋದ ಪತ್ರ, ಬ್ಯಾಂಕಿಗೆ ಬರ್ದ ಇಮೇಲ್‌ಗಳು ಉಪಯೋಗಕ್ಕೆ ಬರೋದು ಇಲ್ಲೇ. ಮಧ್ಯದಲ್ಲಿ ರಾಜಿಗೆ ಇನ್ನೊಂದು ಅವಕಾಶನೂ ಇದೆ, ಸಾಲ ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಮೊತ್ತದಲ್ಲಿ ಮುಕ್ಕಾಲು ಪಾಲಿನವರು ಒಪ್ಪಿದ್ರೆ ಕೋರ್ಟ್ ಅದನ್ನ ಒಪ್ಪಬಹುದು.

ಆದೇಶದಲ್ಲಿ ಡಿಸ್ಚಾರ್ಜಿಗೆ ಅರ್ಜಿ ಹಾಕೋ ಗಡುವು ಬರ್ದಿರ್ತಾರೆ, ಆ ತಾರೀಖು ಕ್ಯಾಲೆಂಡರಲ್ಲಿ ಗುರುತು ಮಾಡಿ. ಅಷ್ಟರೊಳಗೆ ಹಾಕ್ಲಿಲ್ಲ ಅಂದ್ರೆ ದಿವಾಳಿ ಘೋಷಣೆನೇ ರದ್ದಾಗಿ ಮೊದಲ್ನೇ ಮೆಟ್ಟಲಿಗೆ ಬರ್ತೀರಿ. ವಕೀಲರಿಗೆ ಕೊಡೋ ಶಕ್ತಿ ಇಲ್ದಿದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರನ್ನ ಕೊಡ್ತಾರೆ, 15100ಕ್ಕೆ ಫೋನ್ ಮಾಡಿದ್ರೂ ಆಗತ್ತೆ. ಹೋಗುವಾಗ ಆ ನೋಟ್‌ಬುಕ್, ಎಲ್ಲ ಕಾರ್ಡಿನ ಹಿಂದಿನ ಸ್ಟೇಟ್‌ಮೆಂಟ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ಬಂದ ನೋಟಿಸ್ ಎಲ್ಲ ಒಂದು ಫೈಲಿಗೆ ಹಾಕಿ ತಗೊಂಡೋಗಿ, ಅಂಗಡಿ ವ್ಯವಹಾರ ಇದ್ದೋರು ಮೂರು ವರ್ಷದ ಲೆಕ್ಕದ ಪುಸ್ತಕನೂ ಸೇರಿಸ್ಕೊಳ್ಳಿ.